ಸೇರಿಸುವುದು ಮತ್ತು ಸೇರುವುದು

ಮಗುವನ್ನು ಬಾಲವಾಡಿಗೆ ಸೇರಿಸುವವರು ನಾವು, ಸೇರಬೇಕಾದುದು ಮಗು. ಕನ್ನಡದ ಈ ಎರಡು ಕ್ರಿಯಾಪದಗಳ ನಡುವೆ ಇರುವುದು ಒಂದು ಪ್ರತ್ಯಯದ ಅಂತರವಾದರೂ ಬದುಕಿನಲ್ಲಿ ಆ ಅಂತರ ಬಹು ದೊಡ್ಡದು. ಅರ್ಜಿ ತುಂಬಿ, ಜನನ ಪ್ರಮಾಣಪತ್ರದ ನಕಲು ಲಗತ್ತಿಸಿ, ಶುಲ್ಕವಿದ್ದಲ್ಲಿ ಶುಲ್ಕ ತೆತ್ತು, ಹೊಸ ಚೀಲವನ್ನು ಪುಟ್ಟ ಹೆಗಲಿಗೆ ಏರಿಸಿದರೆ ಸೇರಿಸುವ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಸೇರುವ ಕೆಲಸಕ್ಕೆ ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳೇ ಬೇಕು. ‘ಊಟ ಸೇರುತ್ತಿಲ್ಲ’ ಎನ್ನುವಾಗಲೂ ನಾವು ಇದೇ ಪದವನ್ನು ಬಳಸುತ್ತೇವೆ. ಬಡಿಸುವುದು ಬಡಿಸುವವರ ಕೈಯಲ್ಲಿದೆ. ಸೇರುವುದು ಉಣ್ಣುವವರ ಒಳಗಿನ ಸಂಗತಿ. ಅದನ್ನು ಅಪ್ಪಣೆಯಿಂದ ಆಗಿಸಲಾಗದು.

ಮೂರು ವರ್ಷದ ಮಗು ಮೊದಲ ಬಾರಿಗೆ ಮನೆಯ ಹೊಸ್ತಿಲು ದಾಟಿ ಅಪರಿಚಿತರ ನಡುವೆ ಕುಳಿತುಕೊಳ್ಳುವುದನ್ನು ನಾವು ಸಾಮಾನ್ಯವಾಗಿ ಶಿಕ್ಷಣದ ವಿಷಯವೆಂದೋ ಅನುಕೂಲದ ವಿಷಯವೆಂದೋ ತಿಳಿಯುತ್ತೇವೆ. ಅದು ಧರ್ಮಸೂಕ್ಷ್ಮದ ವಿಷಯವೂ ಹೌದು. ಆ ಮಗು ಒಪ್ಪಿಗೆ ಕೊಟ್ಟಿಲ್ಲ; ನಿರಾಕರಿಸುವ ಶಕ್ತಿಯೂ ಅದಕ್ಕಿಲ್ಲ. ತನಗೆ ಅನ್ಯಾಯವಾಯಿತೆಂದು ಯಾರ ಮುಂದೆಯೂ ದೂರು ಹೇಳಲಾರದು. ಅದರ ಬಳಿ ಇರುವ ಒಂದೇ ಮಾತು ಅಳು. ಎದುರಾಡಲಾರದವರೊಡನೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ನೀತಿಯ ಪರೀಕ್ಷೆಯಿದೆ. ಆದುದರಿಂದ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಹೊಂದಿಕೊಳ್ಳುವ ಹೊಣೆ ಯಾರದು? ಮೂರು ವರ್ಷದ ಮಗುವಿನದೇ, ಅಥವಾ ಅದನ್ನು ಬರಮಾಡಿಕೊಳ್ಳುವ ಹಿರಿಯರದೇ?

ತೊಂಡಾಮುತ್ತೂರಿನ ಸುತ್ತಮುತ್ತಲಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ವೆಳ್ಳಿಯಂಗಿರಿ ಬೆಟ್ಟಗಳ ಮಗ್ಗುಲಲ್ಲಿ, ಅಡಿಕೆ, ತೆಂಗು, ಬಾಳೆಯ ತೋಟಗಳ ನಡುವೆ ಇರುವ ಈ ಸೀಮೆಯಲ್ಲೂ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಇತರ ಕಡೆಗಳಲ್ಲೂ ಒಕ್ಕಲಿಗ, ದೇವಾಂಗ ಮೊದಲಾದ ಸಮುದಾಯಗಳ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಬರವಣಿಗೆ ತಮಿಳಿನದು, ಬೀದಿ ತಮಿಳಿನದು, ಈಚೆಗೆ ಶಾಲೆಯ ಫಲಕ ಇಂಗ್ಲಿಷಿನದು. ಒಲೆಯ ಮುಂದಿನ ಮಾತು ಮಾತ್ರ ಕನ್ನಡ. ಬೀದಿಯಲ್ಲಿ ಆಡಿ ಬೆಳೆದ ಮಗುವಿಗೆ ತಮಿಳು ಆಗಲೇ ಕಿವಿಗೆ ಬಿದ್ದಿರುತ್ತದೆ. ಅಜ್ಜಿಯ ಮಡಿಲನ್ನು ಬಿಟ್ಟು ಆಚೆ ಹೋಗದ ಮಗುವಿನ ಸ್ಥಿತಿ ಬೇರೆ. ಅದು ಬಾಲವಾಡಿಗೆ ಕಾಲಿಡುವಾಗ ತಾಯಿಯ ಜೊತೆಗೆ ತನ್ನ ಮಾತನ್ನೂ ಬಾಗಿಲ ಹೊರಗೇ ಬಿಟ್ಟು ಬರಬೇಕಾಗುತ್ತದೆ.

ಇಂಥ ಮಗುವಿನ ನೆರವಿಗೆ ಕಾನೂನು ಎಷ್ಟರಮಟ್ಟಿಗೆ ಬರುತ್ತದೆ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ, ಸೇರಿಸಿದ ವಿಧಿ ಅದು. ಅದೇ ವರ್ಷ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಇಲ್ಲಿ ಉಳಿದೆವು. ಆದರೆ ಆ ವಿಧಿ ಮಾತಾಡುವುದು ಪ್ರಾಥಮಿಕ ಹಂತವನ್ನು ಕುರಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸಬಾರದೆಂದು ನಿಷೇಧಿಸಿದೆ. ಆ ಕಾಯ್ದೆಯೂ ‘ಮಗು’ ಎಂದು ಕರೆಯುವುದು 6ರಿಂದ 14 ವರ್ಷದವರನ್ನು. ಆರು ವರ್ಷಕ್ಕಿಂತ ಕಿರಿಯರ ಪಾಲನೆ ಮತ್ತು ಶಿಕ್ಷಣ ಸಂವಿಧಾನದ 45ನೆಯ ವಿಧಿಯಲ್ಲಿ ರಾಜ್ಯದ ಪ್ರಯತ್ನವಾಗಿದೆಯೇ ಹೊರತು ಮಗುವಿನ ಹಕ್ಕಾಗಿಲ್ಲ. ಹೀಗೆ ಕಾನೂನಿನ ಗಟ್ಟಿನೆಲ ಆರು ವರ್ಷದಿಂದ ಆರಂಭವಾಗುತ್ತದೆ. ಅದಕ್ಕೆ ಮೊದಲು ಮಗುವನ್ನು ಕಾಯುವುದು ಬಹುಮಟ್ಟಿಗೆ ಹಿರಿಯರ ಧರ್ಮಬುದ್ಧಿ ಮಾತ್ರ.

ಆ ಧರ್ಮಬುದ್ಧಿ ನಮ್ಮ ಸಂಪ್ರದಾಯದಲ್ಲಿ ಇಲ್ಲದೆ ಇಲ್ಲ. ಅಕ್ಷರಾಭ್ಯಾಸದ ದಿನ ಮಗು ಎಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನು ನೆನೆದರೆ ಸಾಕು. ತಂದೆಯ ಅಥವಾ ತಾಯಿಯ ತೊಡೆಯ ಮೇಲೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಪುಟ್ಟ ಬೆರಳನ್ನು ಹಿರಿಯರ ಕೈ ಹಿಡಿದು ನಡೆಸುತ್ತದೆ. ಅಕ್ಷರ ಹೊಸದು, ತೊಡೆ ಹಳೆಯದು. ಹೊಸದನ್ನು ಎದುರಿಸುವಾಗ ಬೆನ್ನಿಗೆ ಪರಿಚಿತವಾದುದೊಂದು ಇರಬೇಕೆಂಬ ತಿಳಿವಳಿಕೆ ಆ ಆಚರಣೆಯ ಒಳಗಿದೆ. ತಮಿಳುನಾಡಿನಲ್ಲಿ ವಿಜಯದಶಮಿಯಂದು ಮಕ್ಕಳನ್ನು ಶಾಲೆಗೆ ಸೇರಿಸುವ ರೂಢಿಯೂ ಇದರ ಮುಂದುವರಿಕೆಯೇ. ಆದರೆ ಹಬ್ಬದ ದಿನ ತೊಡೆಯ ಮೇಲೆ ಕೂರಿಸಿ ಬರೆಯಿಸಿದವರು ಮರುದಿನ ಬಾಗಿಲಲ್ಲಿ ಇಳಿಸಿ ತಿರುಗಿ ನೋಡದೆ ಹೊರಟರೆ, ಆಚರಣೆ ಉಳಿದು ಅದರ ಅರ್ಥ ಹೋದಂತೆ.

‘ಅಂಗನವಾಡಿ’ ಎಂಬ ಹೆಸರಿನಲ್ಲೂ ಇಂಥದೇ ಅರ್ಥವಿದೆ. ಆ ಪದದಲ್ಲಿರುವುದು ಮನೆಯ ಅಂಗಳ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಈಗಿನ ಮಹಾರಾಷ್ಟ್ರದ ಬೋರ್ಡಿ ಗ್ರಾಮದಲ್ಲಿ ಅನುತಾಯಿ ವಾಘ್ ಅವರೊಡನೆ ಶಿಶುಶಿಕ್ಷಣದ ಕೆಲಸ ಆರಂಭಿಸಿದರು. ಬಡ ಮನೆಗಳ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಕೊಂಡೊಯ್ದರು. ಮಗು ಕಲಿತದ್ದು ತನ್ನ ಮನೆಯ ಬಾಗಿಲು ಕಾಣುವ ದೂರದಲ್ಲಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಈ ಹೆಸರೇ ಬಂತು. ಕರ್ನಾಟಕದಲ್ಲಿ ಆ ಮೊದಲ ಪಟ್ಟಿಗೆ ಸೇರಿದ್ದು ಟಿ. ನರಸೀಪುರ. ತಮಿಳುನಾಡಿನಲ್ಲಿ 1982ರ ಜುಲೈ 1ರಂದು ಆರಂಭವಾದ ಪೌಷ್ಟಿಕ ಊಟದ ಯೋಜನೆ ಹಳ್ಳಿಯ ಬಾಲವಾಡಿಯ ಕಿರಿಯರನ್ನೂ ಒಳಗೊಂಡಿತು. ಹಸಿದ ಮಗುವಿಗೆ ಅನ್ನವಿಟ್ಟು ಬರಮಾಡಿಕೊಂಡ ಆ ಏರ್ಪಾಟನ್ನು ಕಡಿಮೆಯೆಂದು ಯಾರೂ ಎಣಿಸಲಾರರು. ಹೆಸರಿನಲ್ಲಿರುವ ಅಂಗಳ ಮಾತ್ರ ಕ್ರಮೇಣ ಮರೆತುಹೋಗಿ, ಬರುವ ಕೆಲಸವೆಲ್ಲ ಮಗುವಿನದಾಯಿತು.

ಖಾಸಗಿ ಶಿಶುಶಾಲೆಗಳಲ್ಲಿ ಈ ಮರೆವು ಇನ್ನೂ ದೂರ ಸಾಗಿದೆ. ಬಣ್ಣ ಗುರುತಿಸು, ಹೆಸರು ಹೇಳು, ಹತ್ತರವರೆಗೆ ಎಣಿಸು ಎಂದು ಮೂರು ವರ್ಷದ ಮಗುವನ್ನು ಮೇಜಿನ ಎದುರು ನಿಲ್ಲಿಸುವ ಪದ್ಧತಿ ಹಲವೆಡೆ ಇದೆ. ಪ್ರೊ. ಯಶಪಾಲ್ ಅವರ ನೇತೃತ್ವದ ಸಮಿತಿ 1993ರಲ್ಲಿಯೇ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳನ್ನು ನಡೆಸುವ ಪದ್ಧತಿಯನ್ನು ರದ್ದುಗೊಳಿಸಬೇಕೆಂದು ಶಿಫಾರಸು ಮಾಡಿತ್ತು. ಇದು ಅನ್ಯಾಯವಾಗುವುದು ಮಗುವಿಗೆ ಆಗುವ ಭಯದಿಂದ ಮಾತ್ರವಲ್ಲ. ಆರಿಸಿಕೊಳ್ಳುವ ಮನಸ್ಸಿನ ಶಾಲೆ, ‘ನಮಗೆ ಹೊಂದುವ ಮಗು ಯಾವುದು?’ ಎಂದು ಕೇಳುತ್ತದೆ. ಬರಮಾಡಿಕೊಳ್ಳುವ ಮನಸ್ಸಿನ ಶಾಲೆ, ‘ಈ ಮಗುವಿಗೆ ನಾವು ಹೊಂದುವುದು ಹೇಗೆ?’ ಎಂದು ಕೇಳುತ್ತದೆ. ಮೊದಲ ಪ್ರಶ್ನೆ ಕೇಳಿದ ಕಡೆ ಎರಡನೆಯ ಪ್ರಶ್ನೆ ಹುಟ್ಟುವುದು ಕಷ್ಟ. ಏಕೆಂದರೆ ಅಲ್ಲಿ ಹೊಂದದಿರುವುದು ಮಗುವಿನ ಕೊರತೆ ಎಂದು ಆಗಲೇ ತೀರ್ಮಾನವಾಗಿರುತ್ತದೆ.

ಒಳಗೆ ಬಂದ ಮಗು ಅಳುತ್ತದೆ. ಒಂದು ವಾರ ಅತ್ತು ಸುಮ್ಮನಾಗುತ್ತದೆ. ‘ಈಗ ಹೊಂದಿಕೊಂಡಿತು’ ಎಂದು ನಾವು ನೆಮ್ಮದಿಯ ಉಸಿರು ಬಿಡುತ್ತೇವೆ. ಈ ನೆಮ್ಮದಿಯನ್ನು ಪ್ರಶ್ನಿಸಿದವರು ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್. ತಂದೆತಾಯಿಗಳಿಗೆ ಮಕ್ಕಳನ್ನು ನೋಡಲು ಹೆಚ್ಚು ಅವಕಾಶವಿಲ್ಲದಿದ್ದ ಆ ಕಾಲದ ಆಸ್ಪತ್ರೆಗಳಲ್ಲಿ ಅವರು ಪುಟ್ಟ ಮಕ್ಕಳನ್ನು ಗಮನಿಸಿದರು. ಎರಡೂವರೆ ವರ್ಷವೂ ತುಂಬದ ಹೆಣ್ಣುಮಗುವೊಂದು ಆಸ್ಪತ್ರೆಯಲ್ಲಿ ಕಳೆದ 8 ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ತಾಯಿಯ ಬಗೆಗೇ ಒಂದು ಬಗೆಯ ವಿಮುಖತೆ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು. ಸಿಬ್ಬಂದಿ ‘ಹೊಂದಿಕೊಂಡ ಮಗು’ ಎಂದು ಮೆಚ್ಚುತ್ತಿದ್ದುದು ಎಷ್ಟೋ ಸಲ ಭರವಸೆ ಕಳೆದುಕೊಂಡು ಮೌನವಾದ ಮಗುವನ್ನು. ಆ ಕೆಲಸದ ಪ್ರಭಾವದಿಂದಲೂ 1959ರ ಪ್ಲಾಟ್ ಸಮಿತಿಯ ವರದಿಯಿಂದಲೂ ಅಲ್ಲಿಯ ಮಕ್ಕಳ ವಾರ್ಡುಗಳ ಬಾಗಿಲು ತಾಯಂದಿರಿಗೆ ತೆರೆಯತೊಡಗಿತು. ಬಾಲವಾಡಿಯ ಅರ್ಧ ದಿನವನ್ನು ಆಸ್ಪತ್ರೆಯ ಎಂಟು ದಿನಕ್ಕೆ ಸಮವೆನ್ನಲಾಗದು. ಮೌನವನ್ನು ಒಪ್ಪಿಗೆಯೆಂದು ಓದಬಾರದೆಂಬ ಪಾಠ ಮಾತ್ರ ಎರಡು ಕಡೆಗೂ ಒಂದೇ.

ಅಳದಿರುವುದು ಸೇರಿದ್ದಕ್ಕೆ ಗುರುತಲ್ಲವಾದರೆ, ಗುರುತು ಯಾವುದು? ಜರ್ಮನಿಯ ಶಿಶುಕೇಂದ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಬರ್ಲಿನ್ ಮಾದರಿ’ ಇದಕ್ಕೊಂದು ಒಳ್ಳೆಯ ಉತ್ತರ ಕೊಡುತ್ತದೆ. ಅಲ್ಲಿ ಮೊದಲ 3 ದಿನ ತಾಯಿಯೋ ತಂದೆಯೋ ಮಗುವಿನೊಡನೆ ಸುಮಾರು ಒಂದು ಗಂಟೆ ಕೋಣೆಯಲ್ಲಿ ಕುಳಿತಿದ್ದು, ಜೊತೆಯಲ್ಲಿಯೇ ಮನೆಗೆ ಮರಳುತ್ತಾರೆ. ಅಗಲಿಕೆಯ ಮೊದಲ ಪ್ರಯತ್ನ ಸಾಮಾನ್ಯವಾಗಿ 4ನೆಯ ದಿನ; ಅದೂ ಮಗುವಿಗೆ ಹೇಳಿ, ಸ್ವಲ್ಪ ಹೊತ್ತಿಗಾಗಿ. ಮಗು ತಡೆದುಕೊಂಡಂತೆ ಅವಧಿ ಬೆಳೆಯುತ್ತದೆ, ತಡೆದುಕೊಳ್ಳದಿದ್ದರೆ ನಿಧಾನವಾಗುತ್ತದೆ. ಅತ್ತಾಗ ಶಿಕ್ಷಕಿಯ ತೋಳಿನಲ್ಲಿ ಸಮಾಧಾನ ಪಡೆಯಲು ಸಾಧ್ಯವಾದ ದಿನ ಮಗು ಸೇರಿತು ಎಂದು ಲೆಕ್ಕ. ಈ ಲೆಕ್ಕದಲ್ಲಿ ಅಳು ತಪ್ಪಲ್ಲ. ಅಳುವಿಗೆ ಉತ್ತರ ಸಿಗುವ ಒಬ್ಬರು ಅಲ್ಲಿರಬೇಕು, ಅಷ್ಟೆ. ನಮ್ಮ ಬಾಲವಾಡಿಗಳಲ್ಲಿ ಆ ಒಬ್ಬರು ಬಹುಪಾಲು ಆಯಮ್ಮನೇ ಆಗಿರುತ್ತಾರೆ. ಮೂಗು ಒರೆಸಿ, ಒದ್ದೆ ಚಡ್ಡಿ ಬದಲಿಸಿ, ಸೊಂಟದ ಮೇಲೆ ಎತ್ತಿಕೊಂಡು ತಿರುಗುವ ಆಕೆಯ ಹೆಸರನ್ನು ಎಷ್ಟು ತಂದೆತಾಯಿಗಳು ಕೇಳಿ ತಿಳಿದುಕೊಂಡಿರುತ್ತಾರೆ?

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಮಗು ಆಟಿಕೆಯ ಕಡೆ ತಿರುಗಿದಾಗ ತಾಯಿ ಹಿಂದಿನಿಂದ ಜಾರಿಕೊಳ್ಳುವುದು, ‘ಇಲ್ಲೇ ಇರ್ತೀನಿ’ ಎಂದು ಹೇಳಿ ಹೊರಟುಹೋಗುವುದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡ ಉಪಾಯ. ಅದರ ಹಿಂದೆ ಕ್ರೌರ್ಯವಿಲ್ಲ, ಕರುಣೆಯೇ ಇದೆ: ಅಗಲುವ ಗಳಿಗೆಯ ನೋವು ಮಗುವಿಗೆ ತಪ್ಪಲಿ ಎಂಬುದು. ಒಳಿತಿಗಾಗಿ ಮಗುವಿಗೆ ಸುಳ್ಳು ಹೇಳಬಹುದೇ?

ಈ ಪ್ರಶ್ನೆಗೆ ಕನ್ನಡದ ಮಕ್ಕಳಿಗೆ ಹೇಳುವ ಕಥೆಯಲ್ಲಿಯೇ ಉತ್ತರವಿದೆ. ಪುಣ್ಯಕೋಟಿಯ ಕಥೆಯನ್ನು ನಾವು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಹಸುವಿನ ಕಥೆಯೆಂದು ನೆನೆಯುತ್ತೇವೆ. ನಡುವೆ ನಡೆದುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಸು ದೊಡ್ಡಿಗೆ ಮರಳಿ ಬಂದು ಕರುವಿಗೆ ಹಾಲೂಡಿಸುತ್ತದೆ. ಕರು ಮಲಗಿದ ಮೇಲೆ ಸದ್ದಿಲ್ಲದೆ ಹೊರಟುಹೋಗಬಹುದಿತ್ತು; ಹಾಗೆ ಮಾಡುವುದಿಲ್ಲ. ತಾನು ಎಲ್ಲಿಗೆ, ಏಕೆ ಹೋಗುತ್ತಿದ್ದೇನೆ ಎಂಬುದನ್ನು ಕರುವಿಗೇ ಹೇಳುತ್ತದೆ. ಹಾಲು ಯಾರದು, ಆಸರೆ ಯಾರದು ಎಂದು ಕರು ಕೇಳುವ ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳುತ್ತದೆ. ಆಮೇಲೆ ಉಳಿದ ಹಸುಗಳನ್ನು ಕರೆದು, ಕರುವನ್ನು ಅವರವರ ಕರುವೆಂದೇ ಕಾಣಬೇಕೆಂದು ಕೇಳಿಕೊಂಡು ಒಪ್ಪಿಸುತ್ತದೆ. ಸತ್ಯ ಹೇಳುವುದು, ಮಗುವಿನ ಪ್ರಶ್ನೆ ಕೇಳುವುದು, ಇಂಥವರ ಕೈಗೆ ಎಂದು ತೋರಿಸಿ ಒಪ್ಪಿಸುವುದು: ಶಿಶುಶಾಲೆಯ ಮೊದಲ ದಿನಕ್ಕೆ ಬೇಕಾದುದೆಲ್ಲ ಇಲ್ಲಿದೆ. ಮರಳಿ ಬಾರದ ಪ್ರಯಾಣಕ್ಕೆ ಹೊರಟ ಆ ತಾಯಿಗೇ ಕರುವಿನ ಮುಂದೆ ನಿಜವನ್ನಾಡುವ ಧೈರ್ಯವಿತ್ತು. ಮಧ್ಯಾಹ್ನಕ್ಕೆ ಮರಳಿ ಬರುವ ನಮಗೆ ಅದು ಏಕಿರಬಾರದು?

ಹೇಳಿ ಹೋದರೆ ಮಗು ಹೆಚ್ಚು ಅಳುತ್ತದೆ ಎಂಬುದು ನಿಜ. ಆದರೆ ಆ ಅಳು ಒಂದು ಅಗಲಿಕೆಯ ಅಳು; ಅದಕ್ಕೆ ಕೊನೆಯಿದೆ. ಹೇಳದೆ ಹೋದಾಗ ಮಗು ಕಲಿಯುವ ಪಾಠ ಬೇರೆ: ಕಣ್ಣು ಆಚೆ ಹೊರಳಿಸಿದರೆ ಅಮ್ಮ ಇಲ್ಲವಾಗಬಹುದು. ಅಂಥ ಮಗು ಮರುದಿನ ಆಟಿಕೆಯ ಕಡೆಗೂ ತಿರುಗದೆ ಸೆರಗನ್ನೇ ಹಿಡಿದುಕೊಂಡು ನಿಂತರೆ ಅದರ ತಪ್ಪೇನು? ‘ಊಟ ಆದ ಮೇಲೆ ಬರ್ತೀನಿ’ ಎಂದು ಹೇಳಿ, ಊಟವಾದ ಮೇಲೆ ನಿಜವಾಗಿಯೂ ಬಂದರೆ, ಮಗುವಿಗೆ ಗಡಿಯಾರ ತಿಳಿಯದಿದ್ದರೂ ಮಾತು ತಿಳಿಯುತ್ತದೆ. ಮನೆಯ ಹೊರಗಿನ ಲೋಕದಲ್ಲಿ ಹಿರಿಯರ ಮಾತಿಗೆ ಬೆಲೆಯಿದೆಯೇ ಎಂಬುದನ್ನು ಅದು ಮೊದಲು ಪರೀಕ್ಷಿಸುವುದು ಆ ಬಾಗಿಲಿನಲ್ಲಿ. ಅಕ್ಷರಕ್ಕಿಂತ ಮೊದಲಿನ ಪಾಠ ಅದು. ಅದನ್ನು ಕಲಿಸಬೇಕಾದವರು ಶಿಕ್ಷಕಿಯರಲ್ಲ, ನಾವೇ.

ಮನೆಮಾತಿನ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಹೊಸ ಭಾಷೆಯ ನಡುವೆ ಬಂದ ಮಗು ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಕೇಳುತ್ತ ಕುಳಿತಿರುವುದುಂಟು. ಒಳಗೊಳಗೇ ಕಲಿಯುತ್ತಿರುವ ಮಗುವನ್ನು ಮಂದಬುದ್ಧಿಯದೆಂದೋ ಮೊಂಡು ಎಂದೋ ಭಾವಿಸುವ ಅಪಾಯ ಆಗ ಇರುತ್ತದೆ. ಇನ್ನೂ ಹತ್ತಿರದ ಸಂಕಟವೊಂದಿದೆ. ಬಾಯಾರಿದೆ, ಹೊಟ್ಟೆನೋವು, ಉಚ್ಚೆಗೆ ಹೋಗಬೇಕು ಎಂಬುದನ್ನು ಹೇಳುವ ಮಾತು ಕೇಳುವವರಿಗೆ ತಿಳಿಯದಿದ್ದರೆ ಮಗು ಬಟ್ಟೆ ಒದ್ದೆ ಮಾಡಿಕೊಂಡು ಎಲ್ಲರ ಎದುರು ನಾಚಿಕೆಯಿಂದ ನಿಲ್ಲಬೇಕಾಗುತ್ತದೆ. ಅತ್ತಾಗ ಸಮಾಧಾನ ಸಿಗುವುದೇ ಸೇರಿದ್ದರ ಗುರುತಾದರೆ, ಸಮಾಧಾನದ ಮಾತು ಮಗುವಿಗೆ ತಿಳಿಯುವ ಮಾತಾಗಿರಬೇಡವೇ?

ಇದಕ್ಕಾಗಿ ತಮಿಳು ಶಿಕ್ಷಕಿ ಕನ್ನಡ ಕಲಿಯಬೇಕೆಂದು ನಾವು ಕೇಳುವುದು ತರವಲ್ಲ, ಅಗತ್ಯವೂ ಇಲ್ಲ. ಎರಡು ನುಡಿಗಳ ನಡುವಿನ ದಾರಿ ಅಷ್ಟು ದೂರದ್ದಲ್ಲ. ನಮ್ಮ ಹಾಲು ಅವರ ಪಾಲ್. ನಮ್ಮ ಹಸಿವು ಅವರ ಪಸಿ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ ಆಗಿತ್ತು. ‘ಅಮ್ಮ’ ಎಂಬುದಂತೂ ಎರಡು ಕಡೆಗೂ ಒಂದೇ. ತಿಳಿಯದೆ ಹೋಗುವುದು ಹೊಟ್ಟೆ ಮೊದಲಾದ ಹತ್ತು ಹನ್ನೆರಡು ಪದಗಳು ಮಾತ್ರ. ಅವನ್ನು ತಮಿಳು ಲಿಪಿಯಲ್ಲಿ, ತಮಿಳು ಅರ್ಥದೊಡನೆ ಒಂದು ಹಾಳೆಯಲ್ಲಿ ಬರೆದು ಮೊದಲ ದಿನವೇ ಶಿಕ್ಷಕಿಗೂ ಆಯಮ್ಮನಿಗೂ ಕೊಡುವುದು ಮನೆಯವರಿಗೆ ಅರ್ಧ ಗಂಟೆಯ ಕೆಲಸ. ಅರ್ಜಿಯ ‘ತಾಯ್ನುಡಿ’ ಎಂಬ ಅಂಕಣದಲ್ಲಿ ಕನ್ನಡವೆಂದು ಸಂಕೋಚವಿಲ್ಲದೆ ಬರೆಯುವುದೂ ಆ ಕೆಲಸದ ಭಾಗವೇ. ಊರಿನ ನುಡಿಯಾದ ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಮನೆಮಾತನ್ನು ಕಿತ್ತು ಆ ಜಾಗದಲ್ಲಿ ಅದನ್ನು ನೆಡಬೇಕಾಗಿಲ್ಲ.

ಇಷ್ಟೆಲ್ಲಕ್ಕೂ ಬಿಡುವಿರುವವರು ಯಾರು ಎಂಬ ಆಕ್ಷೇಪಣೆ ನ್ಯಾಯವಾದುದೇ. ತೋಟದ ಕೂಲಿಗೆ ಹೋಗುವ ತಾಯಿಗೆ ಮೂರು ದಿನದ ಬಿಡುವೆಂದರೆ ಮೂರು ದಿನದ ಕೂಲಿ ನಷ್ಟ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆಗೆ ಕೂರುವವಳಿಗೆ ಪಾಳಿ ತಪ್ಪಿಸಲಾಗದು. ಇತ್ತ ಅಂಗನವಾಡಿಯ ಕಾರ್ಯಕರ್ತೆ ಮಕ್ಕಳ ತೂಕ ನೋಡಿ, ದಾಖಲೆ ಬರೆದು, ಲಸಿಕೆಯ ದಿನಗಳ ಹೊಣೆ ಹೊತ್ತು, ಅದರ ನಡುವೆ ಮಕ್ಕಳನ್ನು ಸಂಭಾಳಿಸಬೇಕು. ಇವರಿಬ್ಬರ ಮೇಲೆ ಆದರ್ಶದ ಹೊರೆ ಹೇರುವುದು ಇನ್ನೊಂದು ಅನ್ಯಾಯವಾದೀತು. ಬೇಕಾಗಿರುವುದು ಇಡೀ ದಿನವಲ್ಲ, ಒಂದು ಗಂಟೆ. ತಾಯಿಯೇ ಆಗಬೇಕೆಂದಿಲ್ಲ, ಮಗುವಿಗೆ ಪರಿಚಿತವಾದ ಒಂದು ಮಡಿಲು ಸಾಕು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ, ಯಾರಾದರೂ ಆಗಬಹುದು. ಹೊಸ ಮಕ್ಕಳೆಲ್ಲರನ್ನೂ ಒಂದೇ ದಿನ ಕರೆಯದೆ ದಿನಕ್ಕೆ ಮೂವರು ನಾಲ್ವರಂತೆ ಕರೆದರೆ ಖರ್ಚಿಲ್ಲದೆಯೇ ಅರ್ಧ ಅಳು ಕಡಿಮೆಯಾಗುತ್ತದೆ. ಒಬ್ಬರ ಅಳು ಇನ್ನೊಬ್ಬರಿಗೆ ಹತ್ತುವುದೂ ತಪ್ಪುತ್ತದೆ. ಮನೆಯ ಹಳೆಯ ಸೀರೆಯ ತುಂಡನ್ನೋ ಮಲಗುವ ಹೊದಿಕೆಯನ್ನೋ ಜೊತೆಗೊಯ್ಯಲು ಬಿಡುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ.

ನಮ್ಮಂಥ ಸಂಘಗಳು ಇಲ್ಲಿ ಮಾಡಬಹುದಾದ ಕೆಲಸವಿದೆ. ಸಮ್ಮೇಳನ ನಡೆಸುವುದು, ಸಂಚಿಕೆ ತರುವುದು, ರಾಜ್ಯೋತ್ಸವ ಆಚರಿಸುವುದು ಎಲ್ಲವೂ ಅಗತ್ಯ. ಆದರೆ ಕನ್ನಡ ಉಳಿಯಬೇಕೆಂದು ನಾವು ವೇದಿಕೆಯಲ್ಲಿ ಮಾತಾಡುವ ಹೊತ್ತಿಗೆ, ತನ್ನ ಮನೆಯ ಮಾತಿನಿಂದ ಹೊರಗೆ ಏನೂ ನಡೆಯದು ಎಂದು ಮಗುವೊಂದು ಬಾಲವಾಡಿಯ ಮೂಲೆಯಲ್ಲಿ ಕುಳಿತು ಕಲಿಯುತ್ತಿರಬಹುದು. ತನ್ನ ಮಾತಿನ ಬಗ್ಗೆ ನಾಚಿಕೆ ಹುಟ್ಟುವುದಾದರೆ ಅದು ಹುಟ್ಟುವುದು ಆ ವಯಸ್ಸಿನಲ್ಲಿ, ಆ ಮೂಲೆಯಲ್ಲಿ. ಪ್ರತಿ ಜೂನ್‌ನಲ್ಲಿ, ಮತ್ತೆ ವಿಜಯದಶಮಿಯಲ್ಲಿ, ನಮ್ಮ ಸದಸ್ಯರ ಮನೆಗಳ ಹಿರಿಯ ಹೆಂಗಸರು ಹತ್ತು ದಿನ ಸರದಿಯಂತೆ ಹತ್ತಿರದ ಬಾಲವಾಡಿಯಲ್ಲಿ, ಶಿಕ್ಷಕಿಯ ಒಪ್ಪಿಗೆ ಪಡೆದು, ಬೆಳಗಿನ ಒಂದು ಗಂಟೆ ಕುಳಿತು ಬಂದರೆ ಅದು ನುಡಿಸೇವೆಯೂ ಆಗುತ್ತದೆ, ಶಿಶುಸೇವೆಯೂ ಆಗುತ್ತದೆ. ಅವರ ತೋಳಿಗೆ ಬರುವ ಮಗು ತಮಿಳಿನದಾದರೂ ಕನ್ನಡದ್ದಾದರೂ ವ್ಯತ್ಯಾಸವಿಲ್ಲ.

ಕೊನೆಗೆ, ಸೇರುವುದೆಂದರೇನು ಎಂಬುದನ್ನು ನಮ್ಮ ಸಮುದಾಯಕ್ಕೆ ಬೇರೆಯವರು ವಿವರಿಸಬೇಕಾಗಿಲ್ಲ. ನಮ್ಮ ಹಿರಿಯರು ಈ ನೆಲಕ್ಕೆ ಬಂದು ಸೇರಿದವರು. ಅವರು ಒಂದು ದಿನದಲ್ಲಿ ಸೇರಲಿಲ್ಲ, ಹೆದರಿಸಿದ್ದರಿಂದಲೂ ಸೇರಲಿಲ್ಲ. ಊರಿನ ಸಂತೆಯಲ್ಲಿ ತಮಿಳು ಕಲಿತರು, ಒಲೆಯ ಮುಂದೆ ಕನ್ನಡ ಉಳಿಸಿಕೊಂಡರು. ಅದಕ್ಕೆ ಬೇಕಾದ ಕಾಲವನ್ನು ಈ ನೆಲ ಅವರಿಗೆ ಕೊಟ್ಟಿತು. ಆ ಕಾಲಾವಕಾಶದ ಫಲವಾಗಿಯೇ ನಾವು ಇಂದು ಇಲ್ಲಿಯವರೂ ಆಗಿದ್ದೇವೆ, ಕನ್ನಡದವರೂ ಆಗಿದ್ದೇವೆ. ಒಂದು ಇಡೀ ಸಮುದಾಯಕ್ಕೆ ತಲೆಮಾರುಗಳಷ್ಟು ದೊರೆತದ್ದನ್ನು ಮೂರು ವರ್ಷದ ಮಗುವಿಗೆ ಕೆಲವು ವಾರಗಳಷ್ಟಾದರೂ ಕೊಡುವುದು ನಮ್ಮ ಮೇಲಿರುವ ಋಣ.